ಫಿಲಿಪ್ಪೀನ್ಸ್ ಜನರನ್ನು ಕೇಳಿದವರು ಯಾರು?

ಎಲ್ಲರಿಗೂ ನಮಸ್ಕಾರ. ಸ್ವಾಗತ ಮಾಡುವಾಗ ಗೆಳೆಯರು ಒಂದು ಮಾತು ಹೇಳಿದರು: 1946ರಲ್ಲಿ ಅಮೆರಿಕ ಫಿಲಿಪ್ಪೀನ್ಸ್‌ಗೆ ಸ್ವಾತಂತ್ರ್ಯ ಕೊಟ್ಟಿತು ಅಂತ. ಎಷ್ಟೋ ಕಡೆ ಹಾಗೇ ಬರೆದಿರುತ್ತದೆ, ಅವರನ್ನು ದೂರುವಂತಿಲ್ಲ. ಆದರೆ ಇವತ್ತು ನಾನು ಬಂದಿರುವುದೇ ಆ ಮಾತಿನ ಜೊತೆ ಜಗಳ ಆಡೋದಕ್ಕೆ. ಅಮೆರಿಕ ಮತ್ತು ಸ್ಪೇನ್ ನಡುವಿನ 1898ರ ಯುದ್ಧ ಹೇಗೆ ಶುರುವಾಯಿತು, ಕ್ಯೂಬಾದ ಹವಾನಾ ಬಂದರಿನಲ್ಲಿ ಅಮೆರಿಕದ ಮೇನ್ ಹಡಗು ಸಿಡಿದದ್ದು, ಪತ್ರಿಕೆಗಳು ಬೊಬ್ಬೆ ಹೊಡೆದದ್ದು, ಇದೆಲ್ಲ ನಿಮಗೆ ಗೊತ್ತಿರುವುದೇ. ಸೀದಾ ಮನಿಲಾಗೆ ಹೋಗೋಣ, ಆಗ ಸ್ಪೇನಿನ ಕೈಯಲ್ಲಿದ್ದ ಫಿಲಿಪ್ಪೀನ್ಸ್‌ನ ರಾಜಧಾನಿ ಅದು.

ಮೇ 1ರಂದು ಅಮೆರಿಕದ ನೌಕಾ ಅಧಿಕಾರಿ ಕಮೊಡೋರ್ ಡ್ಯೂಯಿ ಮನಿಲಾ ಕೊಲ್ಲಿಯಲ್ಲಿ ಸ್ಪೇನಿನ ನೌಕಾಪಡೆಯನ್ನು ಕೆಲವೇ ಗಂಟೆಗಳಲ್ಲಿ ಮುಗಿಸಿದ. ಆದರೆ ಊರು ಹಿಡಿಯಲು ಅವನ ಬಳಿ ಸೈನ್ಯ ಇರಲಿಲ್ಲ. ಸ್ಪೇನ್ ವಿರುದ್ಧ ಬಂಡೆದ್ದು ಹಾಂಗ್‌ಕಾಂಗ್‌ನಲ್ಲಿದ್ದ ಫಿಲಿಪಿನೊ ನಾಯಕ ಅಗಿನಾಲ್ಡೊನನ್ನು ಅಮೆರಿಕದ ಹಡಗಿನಲ್ಲೇ ಕರೆತಂದರು. ಆತ ಬಂದವನೇ ಜನರನ್ನು ಕೂಡಿಸಿದ. ಜೂನ್ 12ರಂದು ಕಾವಿಟ್ ಎಂಬ ಊರಿನ ತನ್ನ ಮನೆಯಲ್ಲಿ ಬಾವುಟ ಬಿಚ್ಚಿ ಸ್ವಾತಂತ್ರ್ಯ ಘೋಷಿಸಿದ. ಅಷ್ಟು ಹೊತ್ತಿಗೆ ಫಿಲಿಪಿನೊ ಹೋರಾಟಗಾರರು ಮನಿಲಾವನ್ನು ಸುತ್ತುವರಿದು ಊರಿಗೆ ಕುಡಿಯುವ ನೀರು ಬರುವ ದಾರಿಯನ್ನೂ ಹಿಡಿದಿದ್ದರು. ಅಮೆರಿಕದ ಭೂಸೇನೆ ಇನ್ನೂ ಬಂದಿರಲೇ ಇಲ್ಲ. ಈ ಸಾಲು ದಯವಿಟ್ಟು ನೆನಪಿಟ್ಟುಕೊಳ್ಳಿ.

ಆಮೇಲೆ ನಡೆದದ್ದು ನೋಡಿ. ಕೋಟೆಯೊಳಗೆ ಸ್ಪೇನಿನ ಗವರ್ನರ್ ಹೌದೆನೆಸ್. ಗೆಲ್ಲುವುದು ಸಾಧ್ಯವಿಲ್ಲ ಅಂತ ಅವನಿಗೆ ಗೊತ್ತು. ಸುಮ್ನೆ ಶರಣಾದರೆ ತನ್ನ ದೇಶದಲ್ಲೇ ವಿಚಾರಣೆ, ಶಿಕ್ಷೆ. ಅದಕ್ಕಿಂತ ದೊಡ್ಡ ಭಯ ಫಿಲಿಪಿನೊಗಳಿಗೆ ಶರಣಾಗುವುದು. ಹಾಗಾಗಿ ಮನಿಲಾದಲ್ಲಿದ್ದ ಬೆಲ್ಜಿಯಂ ಕಾನ್ಸುಲ್ ಒಬ್ಬನ ಮೂಲಕ ಅಮೆರಿಕನ್ನರ ಜೊತೆ ಗುಟ್ಟಾಗಿ ಮಾತುಕತೆ ನಡೆಯಿತು. ಏನು ಒಪ್ಪಂದ ಗೊತ್ತಾ? ನೀವು ಸ್ವಲ್ಪ ಹೊಡೆಯಿರಿ, ನಾವು ಸ್ವಲ್ಪ ತಡೆಯುತ್ತೇವೆ, ಆಮೇಲೆ ಬಿಳಿ ಬಾವುಟ ಏರಿಸುತ್ತೇವೆ. ಒಂದೇ ಷರತ್ತು, ಫಿಲಿಪಿನೊಗಳು ಊರೊಳಗೆ ಕಾಲಿಡಬಾರದು! ಆಗಸ್ಟ್ 13ರ ಬೆಳಗ್ಗೆ ಮಲಾತೆಯ ಹಳೇ ಕೋಟೆಯ ಮೇಲೆ ಹಡಗುಗಳು ಗುಂಡು ಹಾರಿಸಿದವು. ಬಿಳಿ ಬಾವುಟ ಏರಿತು. ಎಲ್ಲರಿಗೂ ಈ ನಾಟಕದ ಸುದ್ದಿ ಗೊತ್ತಿರಲಿಲ್ಲವಲ್ಲ, ಹಾಗಾಗಿ ಎರಡೂ ಕಡೆ ಕೆಲವರು ನಿಜವಾಗಿಯೇ ಸತ್ತರು.

ಇನ್ನೊಂದು ಕೇಳಿ. ಹಿಂದಿನ ದಿನವೇ, ಅಂದರೆ ಆಗಸ್ಟ್ 12ರಂದು, ವಾಷಿಂಗ್ಟನ್‌ನಲ್ಲಿ ಯುದ್ಧ ನಿಲ್ಲಿಸುವ ಕಾಗದಕ್ಕೆ ಸಹಿ ಬಿದ್ದಾಗಿತ್ತು. ಸುದ್ದಿ ಮನಿಲಾಗೆ ಮುಟ್ಟಲಿಲ್ಲ. ಯಾಕೆ? ಸಮುದ್ರದಡಿಯ ತಂತಿಯನ್ನು ಮೇ ತಿಂಗಳಲ್ಲಿ ಡ್ಯೂಯಿಯೇ ಕತ್ತರಿಸಿದ್ದ.

ಮನಿಲಾ ಅಂದಾಗ ಒಂದು ಮಾತು ನೆನಪಾಯಿತು. ಇದೇ ಊರಿಗೆ 1762ರಲ್ಲಿ ಬ್ರಿಟಿಷರು ಮದ್ರಾಸಿನಿಂದ ಹಡಗು ತಂದು ಲಗ್ಗೆ ಹಾಕಿದ್ದರು. ಜೊತೆಯಲ್ಲಿ ಹೋದ ಸಿಪಾಯಿಗಳಲ್ಲಿ ಕೆಲವರು ವಾಪಸ್ ಬರದೆ ಹತ್ತಿರದ ಕೈಂತಾ ಎಂಬಲ್ಲೇ ಸಂಸಾರ ಹೂಡಿದರು. ನಮ್ಮ ದಕ್ಷಿಣದವರ ವಂಶ ಅಲ್ಲಿ ಬೆರೆತು ಹೋಗಿದೆ. ಇರಲಿ, ವಿಷಯಕ್ಕೆ ಬರುತ್ತೇನೆ.

ಪ್ಯಾರಿಸ್‌ನಲ್ಲಿ ಸಂಧಿ ಮಾತುಕತೆ. ಅಗಿನಾಲ್ಡೊ ಕಳಿಸಿದ ವಕೀಲ ಫೆಲಿಪೆ ಅಗೊನ್ಸಿಲೊ ವಾಷಿಂಗ್ಟನ್‌ಗೆ ಹೋಗಿ ಅಧ್ಯಕ್ಷ ಮೆಕಿನ್ಲಿಯನ್ನು ಕಂಡರು, ಪ್ಯಾರಿಸ್‌ಗೂ ಹೋದರು. ಅಹವಾಲು ಹೇಳಿಕೊಳ್ಳಲೂ ಮಾತುಕತೆಯ ಒಳಗೆ ಬಿಡಲಿಲ್ಲ. ಡಿಸೆಂಬರ್ 10ರಂದು ಸ್ಪೇನ್ ಆ ದ್ವೀಪಗಳನ್ನು ಅಮೆರಿಕಕ್ಕೆ ಬರೆದುಕೊಟ್ಟಿತು. ಅಮೆರಿಕ ಎಣಿಸಿಕೊಟ್ಟದ್ದು 2 ಕೋಟಿ ಡಾಲರ್. ಅಲ್ಲಿಯ ಜನರನ್ನು ಕೇಳಿದವರು ಯಾರು? ನನ್ನ ಪ್ರಶ್ನೆ ಇಷ್ಟೇ. ಚೀನಾದ ಮಾರುಕಟ್ಟೆ, ಹಡಗಿಗೆ ಕಲ್ಲಿದ್ದಲು ತುಂಬಿಸುವ ಬಂದರುಗಳು, 1893ರ ಆರ್ಥಿಕ ಕುಸಿತ, ಇತಿಹಾಸಕಾರರು ಕೊಡುವ ಈ ಕಾರಣಗಳೆಲ್ಲ ಸರಿಯೇ. ಆದರೆ ಯಾವ ಕಾರಣವೂ ಈ ಪ್ರಶ್ನೆಗೆ ಉತ್ತರವಲ್ಲ.

1899ರ ಜನವರಿಯಲ್ಲಿ ಫಿಲಿಪಿನೊಗಳು ಮಾಲೊಲೊಸ್ ಊರಿನಲ್ಲಿ ಸಂವಿಧಾನ ಸಮೇತ ಗಣರಾಜ್ಯ ಕಟ್ಟಿದರು. ಫೆಬ್ರವರಿ 4ರ ರಾತ್ರಿ ಅವರಿಗೂ ಅಮೆರಿಕನ್ ಸೈನಿಕರಿಗೂ ನಡುವೆ ಗುಂಡು ಹಾರಿತು, ಹೊಸ ಯುದ್ಧ ಶುರುವಾಯಿತು. ಎರಡೇ ದಿನಕ್ಕೆ ಅಮೆರಿಕದ ಸೆನೆಟ್ 57-27 ಮತಗಳಿಂದ ಪ್ಯಾರಿಸ್ ಸಂಧಿಯನ್ನು ಒಪ್ಪಿತು. ಯುದ್ಧ ಮುಗಿಯಿತು ಅಂತ ಸಾರಿದ್ದು 1902ರ ಜುಲೈ 4ಕ್ಕೆ. ಅಮೆರಿಕದ 4,200ಕ್ಕೂ ಹೆಚ್ಚು ಸೈನಿಕರು, 20,000ಕ್ಕೂ ಹೆಚ್ಚು ಫಿಲಿಪಿನೊ ಹೋರಾಟಗಾರರು ಸತ್ತರು. ಹಿಂಸೆ, ಹಸಿವು, ರೋಗದಿಂದ ಸತ್ತ ಸಾಮಾನ್ಯ ಜನ 2 ಲಕ್ಷದವರೆಗೂ ಇರಬಹುದು ಅಂತ ಅಮೆರಿಕ ಸರ್ಕಾರದ ಇತಿಹಾಸ ವಿಭಾಗವೇ ಬರೆಯುತ್ತದೆ.

ಸಮರ್ ದ್ವೀಪದ ಬಲಂಗಿಗಾ ಊರಿನಲ್ಲಿ 1901ರ ಸೆಪ್ಟೆಂಬರ್ 28ರಂದು ಊರವರು ತಿರುಗಿಬಿದ್ದು 48 ಅಮೆರಿಕನ್ ಸೈನಿಕರನ್ನು ಕೊಂದರು. ಸೇಡಿಗೆ ಇಳಿದ ಜನರಲ್ ಸ್ಮಿತ್, ಹತ್ತು ವರ್ಷ ದಾಟಿದವರನ್ನೆಲ್ಲ ಕೊಲ್ಲಿ ಅಂತ ಆದೇಶ ಕೊಟ್ಟ. ಹತ್ತು ವರ್ಷ! ನಾಲ್ಕನೇ ಕ್ಲಾಸಿನ ಮಗು ಅಲ್ವಾ? ಅವನಿಗೆ ಸಿಕ್ಕಿದ ಶಿಕ್ಷೆ ಛೀಮಾರಿ, ಆಮೇಲೆ ನಿವೃತ್ತಿ. ಚರ್ಚಿನ ಮೂರು ಗಂಟೆಗಳನ್ನೂ ಹೊತ್ತೊಯ್ದರು. ಅವು ಊರಿಗೆ ಮರಳಿದ್ದು 2018ರ ಡಿಸೆಂಬರ್‌ನಲ್ಲಿ.

ನ್ಯಾಯವಾಗಿ ಒಂದು ಮಾತು ಹೇಳಲೇಬೇಕು. ಅಮೆರಿಕದಲ್ಲೇ ಇದನ್ನು ಜೋರಾಗಿ ವಿರೋಧಿಸಿದವರಿದ್ದರು. ಮಾರ್ಕ್ ಟ್ವೇನ್ ಸಾಮ್ರಾಜ್ಯಶಾಹಿ ವಿರೋಧಿ ಲೀಗಿನ ಉಪಾಧ್ಯಕ್ಷರಲ್ಲಿ ಒಬ್ಬರು. ಅಂಥವರನ್ನು ಮರೆತು ಇಡೀ ದೇಶವನ್ನು ಬೈಯುವುದು ನನಗೆ ಇಷ್ಟವಿಲ್ಲ. ಇನ್ನು 1946ರ ಜುಲೈ 4ರ ವಿಷಯ. ಅದು ಅಮೆರಿಕದ್ದೇ ಸ್ವಾತಂತ್ರ್ಯ ದಿನ. ಫಿಲಿಪಿನೊಗಳು ಹದಿನಾರು ವರ್ಷ ಅದನ್ನೇ ಆಚರಿಸಿ, 1962ರಲ್ಲಿ ತಮ್ಮ ಜೂನ್ 12ಕ್ಕೆ ಮರಳಿದರು.

ಚೀಟಿ ಬಂತು, ಹತ್ತು ನಿಮಿಷ ಜಾಸ್ತಿ ತೆಗೆದುಕೊಂಡಿದ್ದೇನಂತೆ. ಹವಾಯಿಯದ್ದು ಬೇಗ ಹೇಳಿಬಿಡುತ್ತೇನೆ. ಅಲ್ಲಿ ಯಾರೂ ಕೇಳದಿದ್ದರೂ ಜನ ತಾವಾಗಿ ಉತ್ತರ ಕೊಟ್ಟರು. ರಾಣಿ ಲಿಲಿಯುಒಕಲಾನಿಯನ್ನು 1893ರಲ್ಲಿ ಇಳಿಸಿದ ಮೇಲೆ, ಅಮೆರಿಕಕ್ಕೆ ಸೇರುವುದು ಬೇಡ ಅಂತ 1897ರಲ್ಲಿ 21,000ಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ಸೆನೆಟ್‌ನಲ್ಲಿ ಹವಾಯಿಯನ್ನು ಸೇರಿಸಿಕೊಳ್ಳುವ ಸಂಧಿಗೆ ಬೇಕಾದ ಮೂರನೇ ಎರಡು ಬಹುಮತ ಸಿಗಲಿಲ್ಲ. ಮರುವರ್ಷ ಯುದ್ಧದ ಗದ್ದಲದಲ್ಲಿ, ಸರಳ ಬಹುಮತ ಸಾಕಾಗುವ ಜಂಟಿ ನಿರ್ಣಯ ತಂದು ಸೇರಿಸಿಕೊಂಡರು.

ಅದೇ ಯುದ್ಧದಲ್ಲಿ ಅಮೆರಿಕದ ಕೈಸೇರಿದ ಪೋರ್ಟೊ ರಿಕೊ ಬಿಡೋಣ. ಕ್ಯೂಬಾದ ಗ್ವಾಂಟಾನಮೊ ಮಾತ್ರ ಹೇಳಿ ಕೂರುತ್ತೇನೆ. 1903ರಲ್ಲಿ ಅಮೆರಿಕ ತನ್ನ ನೌಕಾನೆಲೆಗಾಗಿ ಗುತ್ತಿಗೆಗೆ ಪಡೆದ ಜಾಗ ಅದು. ಈಗ ವರ್ಷದ ಬಾಡಿಗೆ 4,085 ಡಾಲರ್. ಚೆಕ್ಕನ್ನು ಕ್ಯೂಬಾ ನಗದು ಮಾಡಿಕೊಳ್ಳುವುದಿಲ್ಲ. ಗುತ್ತಿಗೆ ಮುಗಿಯಬೇಕಾದರೆ ಇಬ್ಬರೂ ಒಪ್ಪಬೇಕು, ಇಲ್ಲವೇ ಅಮೆರಿಕ ತಾನಾಗಿ ಬಿಟ್ಟುಹೋಗಬೇಕು. 1934ರ ಒಪ್ಪಂದ ಹಾಗಿದೆ. ಅದಕ್ಕೆ ಅವರು ಇನ್ನೂ ಅಲ್ಲೇ ಇದ್ದಾರೆ. ಪ್ರಶ್ನೆಗಳಿದ್ದರೆ ಕೇಳಿ.