ಬಾಗಿಲಿಗೆ ಕೊಟ್ಟ ಕಲ್ಲು

ಕೇಳುಗರಿಗೆ ನಮಸ್ಕಾರ.

1899ನೇ ಇಸವಿ. ಸಿಡ್ನಿಯ ಒಂದು ಕಂಪನಿ ಆಫೀಸು. ಬಾಗಿಲು ಗಾಳಿಗೆ ಬಡಿದುಕೊಳ್ಳದಿರಲಿ ಅಂತ ಒಂದು ಕಲ್ಲು ಇಟ್ಟಿದ್ದರು. ಪೆಸಿಫಿಕ್ ಸಾಗರದ ದ್ವೀಪವೊಂದರಿಂದ ಯಾರೋ ತಂದದ್ದು. ಕಲ್ಲಾಗಿ ಹೋದ ಮರದ ತುಂಡು ಅಂದುಕೊಂಡಿದ್ದರು. ಅಲ್ಲಿ ಕೆಲಸಕ್ಕಿದ್ದ ಆಲ್ಬರ್ಟ್ ಎಲ್ಲಿಸ್‌ಗೆ ಮಾತ್ರ ಅನುಮಾನ. ಪರೀಕ್ಷೆ ಮಾಡಿಸಿದ. ಅದು ಫಾಸ್ಫೇಟ್, ಅದೂ ಒಳ್ಳೆಯ ದರ್ಜೆಯದ್ದು! ಹೊಲಕ್ಕೆ ಗೊಬ್ಬರ ಹಾಕುವವರಿಗೆ ಈ ಹೆಸರು ಹೊಸದೇನಲ್ಲ, ಅಲ್ವಾ?

ಆ ಕಲ್ಲಿನ ಊರು ನೌರು. ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಬರೀ ಅರ್ಧ ಡಿಗ್ರಿ. ವಿಸ್ತೀರ್ಣ 21 ಚದರ ಕಿಲೋಮೀಟರ್. ಸೈಕಲ್ ಇದ್ದರೆ ಬೆಳಗಿನ ಕಾಫಿಗೂ ತಿಂಡಿಗೂ ನಡುವೆ ಇಡೀ ದೇಶ ಸುತ್ತಿ ಬರಬಹುದು. ಅಧಿಕೃತ ರಾಜಧಾನಿ ಅಂತ ಒಂದಿಲ್ಲ. ಸಂಸತ್ತು ಇರುವುದು ಯಾರೆನ್ ಎಂಬಲ್ಲಿ. ಕಡಲಂಚಿಗೆ ತೆಂಗು, ಒಳಗೆ ಬುವಾಡ ಎಂಬ ಕೆರೆ. ಅದರಲ್ಲಿ ಜನ ಮೀನು ಸಾಕುತ್ತಿದ್ದರು. ಕಡಲ ಹಕ್ಕಿಗಳನ್ನು ಹಿಡಿದು ಪಳಗಿಸುವುದು ಅವರ ಹಳೆಯ ಆಟ. ಹನ್ನೆರಡು ಕುಲಗಳ ಜನ. ಬಾವುಟದ ನಕ್ಷತ್ರಕ್ಕೆ ಹನ್ನೆರಡು ಮೂಲೆ ಇರುವುದು ಅದಕ್ಕೇ.

1907ರಲ್ಲಿ ಫಾಸ್ಫೇಟ್ ತುಂಬಿದ ಹಡಗು ಹೊರಟಿತು. ಆಗ ಜರ್ಮನಿಯ ಆಳ್ವಿಕೆ. ಮೊದಲ ಮಹಾಯುದ್ಧದ ನಂತರ ಗಣಿ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕೈಸೇರಿತು. ಅಲ್ಲಿಯ ಹೊಲಗಳು ಹಸಿರಾದವು, ಇಲ್ಲಿಯ ನೆಲ ಖಾಲಿಯಾಯಿತು. ಸುಣ್ಣಕಲ್ಲಿನ ಕಂಬಗಳ ಸಂದಿಯಲ್ಲಿ ಫಾಸ್ಫೇಟ್ ತುಂಬಿಕೊಂಡಿರುತ್ತದೆ. ಅದನ್ನು ಕೆರೆದು ತೆಗೆದರೆ ಉಳಿಯುವುದು ಹಲ್ಲಿನಂತೆ ನಿಂತ ಕಂಬಗಳು ಮಾತ್ರ. ದ್ವೀಪದ ಮುಕ್ಕಾಲು ಪಾಲಿಗೂ ಜಾಸ್ತಿ ನೆಲ ಇವತ್ತು ಹೀಗೇ ಇದೆ. ಅಲ್ಲಿ ಮನೆ ಕಟ್ಟುವುದಿರಲಿ, ನಡೆಯುವುದೂ ಕಷ್ಟ.

ಸ್ವಾತಂತ್ರ್ಯ ಬಂದ ಮೇಲೆ ಗಣಿ ತಮ್ಮದೇ ಆಯಿತು. 1970ರ ದಶಕದಲ್ಲಿ ಸಿರಿವಂತಿಕೆಯೋ ಸಿರಿವಂತಿಕೆ. ಮೆಲ್ಬರ್ನ್‌ನಲ್ಲಿ 52 ಮಹಡಿಯ ಕಟ್ಟಡವನ್ನೇ ಎಬ್ಬಿಸಿದರು. ಫಾಸ್ಫೇಟ್ ಹಕ್ಕಿ ಹಿಕ್ಕೆಯಿಂದ ಆದದ್ದು ಎಂಬ ನಂಬಿಕೆಯಿತ್ತಲ್ಲ, ಅಲ್ಲಿಯ ಜನ ಅದಕ್ಕೆ ಹಕ್ಕಿ ಹಿಕ್ಕೆಯ ಗೋಪುರ ಎಂದು ಹೆಸರಿಟ್ಟು ನಕ್ಕರಂತೆ. ಕಲ್ಲು ಮುಗಿಯುತ್ತಾ ಬಂತು, ದುಡ್ಡೂ ಕರಗಿತು, ಕಟ್ಟಡವೂ ಮಾರಿಹೋಯಿತು. ನೆಲ ಹಾಳಾದದ್ದಕ್ಕೆ ನೌರು 1989ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಆಸ್ಟ್ರೇಲಿಯಾದ ಮೇಲೆ ದಾವೆ ಹೂಡಿತು. 1993ರಲ್ಲಿ ರಾಜಿಯಾಯಿತು.

ನೌರು ಅಂದರೆ ಎಲ್ಲರೂ ಈ ದುಡ್ಡಿನ ಕಥೆಯನ್ನೇ ಹೇಳುತ್ತಾರೆ. ನನಗೆ ಹೆಚ್ಚು ಕಾಡುವುದು ಅವರ ತಲೆ ಎಣಿಕೆಯ ಕಥೆ.

ಮೊದಲ ಮಹಾಯುದ್ಧದ ನಂತರ ಫ್ಲೂ ಜ್ವರಕ್ಕೆ ತುಂಬ ಜನ ಸತ್ತರು. ಒಂದು ಜನಾಂಗ ಉಳಿಯಬೇಕಾದರೆ ಕನಿಷ್ಠ 1,500 ಮಂದಿ ಬೇಕು ಎಂಬ ಮಾತು ಹುಟ್ಟಿತು. ಊರಿಗೆ ಊರೇ ಕಾದು ಕೂತಿತು. 1932ರ ಅಕ್ಟೋಬರ್ 26ರಂದು ಹುಟ್ಟಿದ ಹೆಣ್ಣುಮಗುವಿನಿಂದ ಆ ಲೆಕ್ಕ ತುಂಬಿತು. ಆ ದಿನ ಅಂಗಾಮ್ ಹಬ್ಬವಾಯಿತು. ಮನೆ ಸೇರಿದೆವು ಎನ್ನುವಂಥ ಅರ್ಥದ ಮಾತು ಅದು.

ಹತ್ತೇ ವರ್ಷ. 1942ರಲ್ಲಿ ಜಪಾನ್ ಸೈನ್ಯ ಬಂತು. ಸುಮಾರು 1,200 ಜನರನ್ನು ದೂರದ ಟ್ರಕ್ ಎಂಬ ಹೆಸರಿನ ದ್ವೀಪಗಳಿಗೆ ಕೂಲಿಗೆ ಸಾಗಿಸಿದರು. ಹಸಿವು, ಕಾಯಿಲೆ, ಬಾಂಬು. ಯುದ್ಧ ಮುಗಿದ ಮೇಲೆ ಹಡಗಿನಲ್ಲಿ ಮರಳಿ ಬಂದವರು 737 ಮಂದಿ. ಆ ಅಂಗಾಮ್ ಮಗು ಅವರಲ್ಲಿ ಇರಲಿಲ್ಲ.

ಮತ್ತೆ ಮೊದಲಿಂದ ಎಣಿಕೆ. 1949ರಲ್ಲಿ ಎರಡನೇ ಸಲ 1,500 ಮುಟ್ಟಿತು.

ಹಡಗು ಮರಳಿದ್ದು 1946ರ ಜನವರಿ 31ಕ್ಕೆ. 1968ರಲ್ಲಿ ಸ್ವಾತಂತ್ರ್ಯಕ್ಕೆ ದಿನ ಗೊತ್ತುಮಾಡುವಾಗ ನೌರುವಿನವರು ಬೇರೆ ದಿನ ಹುಡುಕಲಿಲ್ಲ. ಅದೇ ಜನವರಿ 31.

ನಮಸ್ಕಾರ.