ಅಳಿವೆಯ ನೀರಿಗೆ ಅಗ್ಗದ ಫೈಬರ್ ಕೋಲು

ಎಲ್ಲರಿಗೂ ನಮಸ್ಕಾರ.

ಇವತ್ತು ಅಂಕೋಲೆಯಿಂದ ಬಂದವನು ಕಾಳಿ ನದಿಯ ಸೇತುವೆಯ ಹತ್ತಿರ ಬಸ್ಸಿಳಿದು ಸ್ವಲ್ಪ ಹೊತ್ತು ನಿಂತೆ. ದಡದಲ್ಲಿ ಒಂದು ದೋಣಿ ಮಗುಚಿ ಹಾಕಿದ್ದರು. ಇಬ್ಬರು ಅದರ ಹೊಟ್ಟೆಗೆ ಫೈಬರ್ ಮ್ಯಾಟ್, ಅಂದರೆ ಗಾಜಿನ ಎಳೆಯ ಹಾಸು ಹಚ್ಚಿ, ಮೇಲೆ ಬ್ರಶ್‌ನಿಂದ ರೆಸಿನ್ ಅಂಟು ಬಳಿಯುತ್ತಿದ್ದರು. ಆ ವಾಸನೆ ರಸ್ತೆವರೆಗೂ ಬರುತ್ತಿತ್ತು. ಮಾತನ್ನು ಎಲ್ಲಿಂದ ಶುರು ಮಾಡಲಿ ಎಂದು ಬಸ್ಸಿನಲ್ಲಿ ಯೋಚಿಸುತ್ತಲೇ ಬಂದಿದ್ದೆ. ಅಲ್ಲಿ ಉತ್ತರ ಸಿಕ್ಕಿತು.

ಫೈಬರ್ ಅಂದರೆ ಏನು ಎಂದು ನಮ್ಮ ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮರದ ದೋಣಿ ಹೋಗಿ ಫೈಬರ್ ದೋಣಿ ಬಂದದ್ದನ್ನು ಇಲ್ಲಿ ಕೂತಿರುವ ಹಿರಿಯರು ಕಣ್ಣಾರೆ ಕಂಡಿದ್ದಾರೆ. ಅದು ಹಗುರ. ಹುಳ ಹಿಡಿಯುವುದಿಲ್ಲ. ಕಲ್ಲಿಗೆ ತಾಗಿ ಒಡೆದರೆ ದಡದಲ್ಲೇ ಕೂತು ತೇಪೆ ಹಾಕಬಹುದು. ನಾನು ಇವತ್ತು ಹೇಳಬೇಕೆಂದಿರುವುದು ಅದೇ ಗಾಜಿನ ಎಳೆಯಿಂದ ಮಾಡಿದ ಗಾಳದ ಕೋಲಿನ ಬಗ್ಗೆ. ಅದರಲ್ಲೂ ಫ್ಲೈ ಫಿಶಿಂಗ್ ಕೋಲು, ಅದರಲ್ಲೂ ಕಡಿಮೆ ಬೆಲೆಯದು. ನಮ್ಮ ಅಳಿವೆಗೆ, ನಮ್ಮ ಉಪ್ಪುನೀರಿನ ಗಜನಿ ಗದ್ದೆಗೆ, ಮೇಲೆ ಶಿರಸಿ ಕಡೆಯ ಹಳ್ಳಗಳಿಗೆ ಇದಕ್ಕಿಂತ ಒಗ್ಗುವ ಕೋಲು ಇಲ್ಲ ಎಂಬುದು ನನ್ನ ನಂಬಿಕೆ. ದುಡ್ಡಿಲ್ಲದವರು ಇದನ್ನು ಕೊಂಡು ಸಮಾಧಾನ ಮಾಡಿಕೊಳ್ಳಲಿ ಎಂದು ನಾನು ಹೇಳುತ್ತಿಲ್ಲ. ದುಡ್ಡಿದ್ದವರಿಗೂ ಇದನ್ನೇ ಹೇಳುತ್ತೇನೆ.

ಫ್ಲೈ ಫಿಶಿಂಗ್ ನೋಡದವರಿಗಾಗಿ ಎರಡು ಮಾತು. ನಾವು ಸಾಮಾನ್ಯವಾಗಿ ಗಾಳ ಎಸೆಯುವಾಗ ತುದಿಯಲ್ಲಿ ಸೀಸದ ಗುಂಡೋ, ಸಿಗಡಿಯೋ ಇರುತ್ತದೆ. ಅದರ ಭಾರಕ್ಕೆ ದಾರ ಹಿಂದಿನಿಂದ ಓಡುತ್ತದೆ. ಫ್ಲೈಯಲ್ಲಿ ಇದು ಉಲ್ಟಾ. ಫ್ಲೈ ಅಂದರೆ ಕೊಕ್ಕೆಗೆ ಹುಂಜದ ಗರಿ, ಮೇಕೆ ಬಾಲದ ಕೂದಲು ಕಟ್ಟಿ ಮಾಡಿದ ಪುಟ್ಟ ಹುಳು ಅಥವಾ ಸಿಗಡಿಮರಿ. ಅದಕ್ಕೆ ಭಾರವೇ ಇಲ್ಲ. ಭಾರ ಇರುವುದು ದಪ್ಪ ಲೈನಿಗೆ. ಲೈನನ್ನು ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಬೀಸಿದರೆ ಅದು ಫ್ಲೈಯನ್ನು ಹೊತ್ತುಕೊಂಡು ಹೋಗುತ್ತದೆ. ಹೀಗೆ ಬೀಸುವಾಗ ಕೋಲು ಬಾಗಬೇಕು. ಬಾಗಿದ ಕೋಲು ನೆಟ್ಟಗಾಗುವಾಗ ಲೈನನ್ನು ತಳ್ಳುತ್ತದೆ. ಕೋಲು ಬಾಗದಿದ್ದರೆ ನಿಮ್ಮ ಕೈ ಮಾತ್ರ ದುಡಿಯುತ್ತದೆ, ಕೋಲು ದುಡಿಯುವುದಿಲ್ಲ.

ಲೈನಿಗೆ ನಂಬರ್ ಇರುತ್ತದೆ. ನಂಬರ್ ಹೆಚ್ಚಿದಂತೆ ಲೈನಿನ ಭಾರವೂ ಹೆಚ್ಚು. 5ನೇ ನಂಬರಿನ ಲೈನಿನ ಮೊದಲ 30 ಅಡಿ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ ತೂಗುತ್ತದೆ. 5ನೇ ನಂಬರಿನ ಕೋಲನ್ನು ಈ ತೂಕಕ್ಕೆ ಬಾಗುವಂತೆ ಮಾಡಿರುತ್ತಾರೆ. ಈಗ ನಮ್ಮ ಜಾಗಗಳನ್ನು ನೆನಪು ಮಾಡಿಕೊಳ್ಳಿ. ಕುಮಟಾ ಕಡೆ ಅಘನಾಶಿನಿಯ ಗಜನಿಯಲ್ಲಿ ತೂಬಿನ ಬಾಯಿಗೆ ನಿಂತಿದ್ದೀರಿ. ಇಳಿತ ಶುರುವಾಗಿದೆ. ಗದ್ದೆಯ ನೀರು ಸಿಗಡಿಮರಿಗಳನ್ನು ಎಳೆದುಕೊಂಡು ಹೊರಗೆ ಬರುತ್ತಿದೆ. ಮೀನು ಎಲ್ಲಿರುತ್ತದೆ? ನಿಮ್ಮ ಕಾಲಿನಿಂದ 15 ಅಡಿ, 20 ಅಡಿ ದೂರದಲ್ಲಿ, ನೀರು ಸುಳಿ ತಿರುಗುವ ಕಡೆ. ಅಲ್ಲಿಗೆ ಎಸೆಯುವಾಗ ಕೋಲಿನಿಂದಾಚೆ ಇರುವ ಲೈನು 30 ಅಡಿಯ ಅರ್ಧ ಮಾತ್ರ. ತೂಕ ನಾಲ್ಕೈದು ಗ್ರಾಂ. ಕಾರ್ಬನ್ ಎಳೆಯಿಂದ ಮಾಡಿದ ಬಿಗಿಯಾದ ಕೋಲಿಗೆ ಇಷ್ಟು ಭಾರ ಲೆಕ್ಕಕ್ಕೇ ಇಲ್ಲ. ಅದು ಬಾಗುವುದೇ ಇಲ್ಲ. ಲೈನು ಮುದ್ದೆಯಾಗಿ ಬೀಳುತ್ತದೆ, ಮೀನು ಓಡಿಹೋಗುತ್ತದೆ. ಗಾಜಿನ ಕೋಲು ಆ ನಾಲ್ಕೈದು ಗ್ರಾಂಗೂ ಬಾಗುತ್ತದೆ, ಹಿಡಿಯವರೆಗೂ ಬಾಗುತ್ತದೆ. ಫ್ಲೈ ಮೆಲ್ಲಗೆ ಹೋಗಿ ಕೂರುತ್ತದೆ. ನನ್ನ ವಾದದ ತಿರುಳು ಇದೇ. ನಾವು ಮೀನು ಹಿಡಿಯುವುದು ಹತ್ತಿರದಲ್ಲಿ. ಅಂಗಡಿಯಲ್ಲಿ ಹೊಗಳಿ ಮಾರುವ ಕೋಲು ದೂರ ಎಸೆಯಲು ಮಾಡಿದ್ದು.

ಯಾಕೆ ಹೀಗೆ? ಗಾಜಿನ ಎಳೆಗಿಂತ ಕಾರ್ಬನ್ ಎಳೆ ಮೂರು ಪಟ್ಟು ಬಿಗಿ. ಸಾಮಾನ್ಯ ಗಾಜಿನ ಎಳೆಯ ಬಿಗುವು ಸುಮಾರು 72 ಗಿಗಾಪಾಸ್ಕಲ್, ಸಾಮಾನ್ಯ ಕಾರ್ಬನ್‌ನದು ಸುಮಾರು 230. ಕಾರ್ಬನ್ ತೂಕದಲ್ಲೂ ಕಡಿಮೆ. ಹಾಗಾಗಿ ಕಾರ್ಬನ್ ಕೋಲು ಉದ್ದವಾಗಿ, ಸಪೂರವಾಗಿ, ಹಗುರವಾಗಿ ಬರುತ್ತದೆ. ಅದು ನಿಜವಾದ ಗುಣ, ಅಲ್ಲಗಳೆಯುವುದಿಲ್ಲ. ಆದರೆ ಇನ್ನೊಂದು ಲೆಕ್ಕವಿದೆ. ತುಂಡಾಗುವ ಮೊದಲು ಗಾಜಿನ ಎಳೆ ತನ್ನ ಉದ್ದದ ನೂರಕ್ಕೆ 4ಕ್ಕಿಂತ ಜಾಸ್ತಿ ಹಿಗ್ಗಬಲ್ಲದು. ಸಾಮಾನ್ಯ ಕಾರ್ಬನ್ 2ರ ಆಸುಪಾಸಿನಲ್ಲೇ ಮುರಿಯುತ್ತದೆ. ತಪ್ಪು ಮಾಡಿದರೆ ಗಾಜು ಇನ್ನಷ್ಟು ಬಾಗಿ ಸಹಿಸಿಕೊಳ್ಳುತ್ತದೆ. ಕಾರ್ಬನ್ ಟಪ್ ಎನ್ನುತ್ತದೆ.

ಆ ಸದ್ದನ್ನು ನಾನು ಕೇಳಿದ್ದೇನೆ. ಮಾಸ್ತರಿಕೆಯಿಂದ ನಿವೃತ್ತನಾದ ವರ್ಷ ಒಂದು ಒಳ್ಳೆಯ ಕಾರ್ಬನ್ ಕೋಲು ತರಿಸಿಕೊಂಡೆ. ಎರಡು ತಿಂಗಳ ಪೆನ್ಶನ್ ಅದಕ್ಕೇ ಹೋಯಿತು. ಗಂಗಾವಳಿಯ ಅಳಿವೆಯಲ್ಲಿ ಒಂದು ಸಂಜೆ ಕಡಲ ಗಾಳಿ ಜೋರಾಗಿತ್ತು. ಫ್ಲೈಯ ತಲೆಗೆ ಭಾರಕ್ಕೆಂದು ಎರಡು ಸೀಸದ ಮಣಿ ಕಟ್ಟಿದ್ದೆ. ಬೀಸುವಾಗ ಅದು ಬಂದು ಕೋಲಿಗೆ ಬಡಿಯಿತು. ಕಣ್ಣಿಗೆ ಏನೂ ಕಾಣಲಿಲ್ಲ. ಮೂರು ದಿನ ಬಿಟ್ಟು, ಅಂಗೈಯಷ್ಟು ಮೀನನ್ನು ಎತ್ತುವಾಗ ಕೋಲು ಅದೇ ಜಾಗದಲ್ಲಿ ಎರಡಾಯಿತು. ಕಾರ್ಬನ್ ಕೋಲಿನ ಗೋಡೆ ತುಂಬಾ ತೆಳು. ಸಣ್ಣ ಪೆಟ್ಟು ಒಳಗೇ ಕೂತು ಕಾಯುತ್ತದೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಅಷ್ಟು ಪ್ರೀತಿಯಿಂದ ತರಿಸಿದ್ದೆ.

ಆಮೇಲೆ ಹಳೆಯ ಫೈಬರ್ ಕೋಲೊಂದು ಸಿಕ್ಕಿತು. ಏಳು ಅಡಿಯದು, ಎರಡು ತುಂಡಿನದು, ಬೆಲೆ ಕಾರ್ಬನ್ ಕೋಲಿನ ಹತ್ತರಲ್ಲಿ ಒಂದು ಪಾಲೂ ಇಲ್ಲ. ಅದನ್ನು ನಮ್ಮೂರಿನ ಒಬ್ಬ ತಾಂಡೇಲನಿಗೆ, ಅಂದರೆ ದೋಣಿ ನಡೆಸುವವನಿಗೆ ತೋರಿಸಿದೆ. ಅವನು ಹಿಡಿದು ಬಾಗಿಸಿ ನೋಡಿದ. ಬೆರಳಿನಿಂದ ತಟ್ಟಿದ. "ಮಾಸ್ತರ್ರೆ, ಇದು ನಮ್ಮ ದೋಣಿ ಮಾಲೇ ಅಲ್ದಾ?" ಎಂದ. ಹೌದು, ಅದೇ ಮಾಲು. ದೋಣಿಗೆ ಮ್ಯಾಟ್ ಹಾಸುತ್ತಾರೆ. ಕೋಲಿಗೆ ಗಾಜಿನ ಬಟ್ಟೆಯನ್ನು ರೆಸಿನ್ ಜೊತೆ, ಮೇಲಕ್ಕೆ ಹೋದಂತೆ ಸಪೂರವಾಗುವ ಉಕ್ಕಿನ ಸರಳಿನ ಮೇಲೆ ಸುತ್ತುತ್ತಾರೆ. ಅದರ ಮೇಲೆ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ ಒಲೆಯಲ್ಲಿ ಬೇಯಿಸುತ್ತಾರೆ. ಬೆಂದ ಮೇಲೆ ಸರಳು ಎಳೆದು ತೆಗೆದರೆ ಟೊಳ್ಳು ಕೊಳವೆ ಉಳಿಯುತ್ತದೆ.

ಇದರ ಹಿಂದಿನ ಕಥೆಯನ್ನೂ ಸ್ವಲ್ಪ ಹೇಳುತ್ತೇನೆ, ಬಿದಿರಿನ ನಾಡಿನವರಿಗೆ ರುಚಿಸೀತು. ಮೊದಲು ಫ್ಲೈ ಕೋಲುಗಳನ್ನು ಬಿದಿರಿನಿಂದ ಮಾಡುತ್ತಿದ್ದರು. ಇಡೀ ಬಿದಿರಲ್ಲ. ಬಿದಿರನ್ನು ಸೀಳಿ, ಮುಕ್ಕೋನದ ಆರು ಕಡ್ಡಿ ಹೆರೆದು, ಅಂಟು ಹಾಕಿ ಜೋಡಿಸಿದ್ದು. ಅದಕ್ಕೆ ಬೇಕಾದ ಟೊಂಕಿನ್ ಬಿದಿರು ಬರುತ್ತಿದ್ದದ್ದು ಚೀನಾದಿಂದ. 1940ರ ದಶಕದಲ್ಲಿ ಅಮೆರಿಕದ ಆರ್ಥರ್ ಹೊವಾಲ್ಡ್ ಎಂಬ ರಸಾಯನ ತಜ್ಞ ಗಾಜಿನ ಎಳೆಯ ಕೋಲು ಮಾಡಿದ. ಶೇಕ್ಸ್‌ಪಿಯರ್ ಎಂಬ ಕಂಪನಿ ಅದನ್ನು ವಂಡರಾಡ್ ಹೆಸರಿನಲ್ಲಿ ಮಾರಿತು. 1950ರಲ್ಲಿ ಕೊರಿಯಾ ಯುದ್ಧದ ಹೊತ್ತಿಗೆ ಅಮೆರಿಕ ಚೀನಾದ ಜೊತೆ ವ್ಯಾಪಾರ ನಿಲ್ಲಿಸಿತು. ಬಿದಿರು ಬರುವುದು ನಿಂತಿತು, ಗಾಜಿಗೆ ದಾರಿ ಬಿಟ್ಟಿತು. ಮುಂದೆ ಇಪ್ಪತ್ತು ವರ್ಷ ಗಾಜಿನದೇ ಕಾಲ. ಸಾಮಾನ್ಯ ಸಂಬಳದ ಮನುಷ್ಯನ ಕೈಗೂ ಫ್ಲೈ ಕೋಲು ಬಂದದ್ದು ಆಗಲೇ. 1970ರ ದಶಕದಲ್ಲಿ ಕಾರ್ಬನ್ ಬಂತು, ಎಲ್ಲರೂ ಅತ್ತ ತಿರುಗಿದರು. ಆದರೂ ಡೆನ್ವರ್‌ನ ರೈಟ್ ಅಂಡ್ ಮೆಕ್‌ಗಿಲ್ ಕಂಪನಿ ಈಗಲ್ ಕ್ಲಾ ಹೆಸರಿನ ಹಳದಿ ಬಣ್ಣದ ಫೆದರ್‌ಲೈಟ್ ಕೋಲನ್ನು ಬಿಡಲಿಲ್ಲ. ದೊಡ್ಡ ಹೆಸರಿನ ಕಾರ್ಬನ್ ಕೋಲು 1000 ಡಾಲರ್ ಆಸುಪಾಸಿಗೆ ಏರಿದಾಗಲೂ ಇದು 50 ಡಾಲರ್ ಒಳಗೆ ಸಿಗುತ್ತಿತ್ತು. ನನಗೆ ಆ ಹಳದಿ ಬಣ್ಣ ಕಂಡರೆ ಈಗಲೂ ಖುಷಿ.

ಕಲಿಯುವವರಿಗೆ ಫೈಬರ್ ಯಾಕೆ ಒಳ್ಳೆಯದು ಎಂದು ಕೇಳುತ್ತಾರೆ. ಹೊಸಬರು ಮಾಡುವ ಒಂದೇ ದೊಡ್ಡ ತಪ್ಪು ಅವಸರ. ಲೈನು ಹಿಂದೆ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಮುಂದಕ್ಕೆ ಬೀಸುತ್ತಾರೆ. ಬೀಸುಬಲೆ ಹಾಕುವವರನ್ನು ನೋಡಿ. ಬಲೆಯ ಭಾರ ಕೈಗೆ ಬರುವವರೆಗೆ ಅವರು ತಿರುಗುವುದಿಲ್ಲ. ಇಲ್ಲೂ ಅಷ್ಟೇ. ಗಾಜಿನ ಕೋಲು ನಿಧಾನಕ್ಕೆ ಬಾಗಿ ನಿಧಾನಕ್ಕೆ ನೆಟ್ಟಗಾಗುತ್ತದೆ. ಲೈನು ಹಿಂದೆ ಬಿಚ್ಚಿದ್ದು ಹೆಬ್ಬೆರಳಿಗೆ ಗೊತ್ತಾಗುತ್ತದೆ. ಕಾಯುವುದನ್ನು ಕೋಲೇ ಕಲಿಸುತ್ತದೆ. ನಮ್ಮ ಹುಡುಗರು ಕೆಲವರು ಒಂದೇ ಭಾನುವಾರದಲ್ಲಿ 30 ಅಡಿ ಚೆನ್ನಾಗಿ ಎಸೆದದ್ದನ್ನು ನೋಡಿದ್ದೇನೆ.

ಇನ್ನು ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಜಾಗ. ಬೆನ್ನ ಹಿಂದೆ ಗಿಡ ಇದ್ದರೆ ಲೈನನ್ನು ಹಿಂದಕ್ಕೆ ಬೀಸಲು ಆಗುವುದಿಲ್ಲ. ಅಲ್ಲಿ ಲೈನನ್ನು ನೀರ ಮೇಲೆಯೇ ಉರುಳಿಸಿ ಎಸೆಯಬೇಕು. ಮೆತ್ತಗಿನ ಕೋಲು ಈ ಕೆಲಸವನ್ನು ಸಲೀಸಾಗಿ ಮಾಡುತ್ತದೆ. ಮೀನು ಕಚ್ಚಿದ ಮೇಲೂ ಅನುಕೂಲವೇ. ತುದಿಯ ನೈಲಾನ್ ದಾರ ತೆಳುವಾಗಿರುತ್ತದೆ. ಒಂದು ಒಳ್ಳೆಯ ನೊಗ್ಲಿ ಮೀನು ಜಗ್ಗಿ ಓಡಿದರೆ ಆ ಜಗ್ಗನ್ನು ಕೋಲು ನುಂಗಿಕೊಳ್ಳುತ್ತದೆ, ದಾರ ಉಳಿಯುತ್ತದೆ. ಅಂಗೈಯಷ್ಟು ಮೀನೂ ಕೋಲನ್ನು ಹಿಡಿಯವರೆಗೆ ಬಗ್ಗಿಸುವಾಗ ಸಿಗುವ ಸಂತೋಷವನ್ನು ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಶಿರಸಿಯ ಶಂಕರಹೊಂಡದ ಹತ್ತಿರ ಹುಟ್ಟುವ ಅಘನಾಶಿನಿಗೆ ಕಡಲು ಸೇರುವವರೆಗೆ ಒಂದು ದೊಡ್ಡ ಅಣೆಕಟ್ಟೂ ಇಲ್ಲ. ಅಂಥ ಹೊಳೆಯ ಮೇಲಿನ ಹಳ್ಳದಲ್ಲಿ 3ನೇ ನಂಬರಿನ ಸಣ್ಣ ಕೋಲು, ಕೆಳಗೆ ಉಪ್ಪುನೀರಿನಲ್ಲಿ 6ನೇ ನಂಬರಿನದು, ಎರಡೂ ಗಾಜಿನದೇ ಸಾಕು. ಕಾಳಿಯ ಮೇಲ್ಭಾಗದ ಹುಲಿ ಸಂರಕ್ಷಿತ ಕಾಡಿನೊಳಗೆ ಮಾತ್ರ ಯಾವ ಕೋಲನ್ನೂ ಒಯ್ಯಬೇಡಿ.

ಎಲ್ಲಿ ಇದು ಸೋಲುತ್ತದೆ ಎಂದೂ ಹೇಳಬೇಕಲ್ವಾ. ಮಧ್ಯಾಹ್ನದ ಕಡಲ ಗಾಳಿಗೆ ಎದುರಾಗಿ 60 ಅಡಿ ಎಸೆಯಬೇಕಾದರೆ ಗಾಜು ಒದ್ದಾಡುತ್ತದೆ. ಒಂಬತ್ತು ಅಡಿಯ ಗಾಜಿನ ಕೋಲು ಸಂಜೆಯ ಹೊತ್ತಿಗೆ ಕೈ ನೋಯಿಸುತ್ತದೆ. ಆದ್ದರಿಂದ ಏಳು, ಏಳೂವರೆ ಅಡಿಯದನ್ನೇ ಕೊಳ್ಳಿ. ದೊಡ್ಡ ಚೊಣಕ ಮೀನಿನ ಆಸೆಯಿಂದ ಬಂಡೆಯ ಮೇಲೆ ನಿಲ್ಲುವವರಿಗೆ ಕಾರ್ಬನ್ ಬೇಕು. ನಾನು ಬೆಳಿಗ್ಗೆ ಗಾಳಿ ಏಳುವ ಮೊದಲು ಹೋಗಿ ಬರುತ್ತೇನೆ.

ಕೊಳ್ಳುವಾಗ ಒಂದು ಮೋಸ ಹೋಗಬೇಡಿ. ಅಂಗಡಿಗಳಲ್ಲಿ ಫೈಬರ್ ರಾಡ್ ಎಂದು ಮಾರುವ ಹಲವು ಕೋಲುಗಳು ಟೊಳ್ಳಲ್ಲ, ಗಟ್ಟಿ ಸರಳು. ಬಂದರಿನ ಗೋಡೆಯ ಮೇಲಿಂದ ಸೀಸ ಎಸೆಯಲು ಅವು ಸರಿ. ಫ್ಲೈ ಬೀಸಲು ಭಾರ. ಬುಡದ ಕಡೆ ಟೊಳ್ಳು ಇದೆಯೇ ನೋಡಿ. ಅಗ್ಗದ ಕೋಲಿನಲ್ಲಿ ಕೊಳವೆ ಕೆಡುವುದು ಅಪರೂಪ. ಕೆಡುವುದು ಲೈನು ಹಾಯುವ ಬಳೆಗಳು. ಬಳೆಯ ಒಳಗೆ ಹತ್ತಿ ಎಳೆದು ನೋಡಿ, ಸಿಕ್ಕಿಕೊಂಡರೆ ಅದು ಲೈನನ್ನು ತರಿಯುತ್ತದೆ. ಎರಡು ತುಂಡು ಸೇರುವ ಕಡೆ ಅಲ್ಲಾಡಬಾರದು. ರೀಲ್ ಕೂರುವ ಜಾಗದ ತಿರುಪು ಸಲೀಸಾಗಿ ತಿರುಗಬೇಕು. ನಮ್ಮ ಉಪ್ಪು ಗಾಳಿಗೆ ಮೊದಲು ತುಕ್ಕು ಹಿಡಿಯುವುದು ಈ ಲೋಹದ ಭಾಗಗಳೇ. ಮನೆಗೆ ಬಂದ ಕೂಡಲೇ ಬಾವಿ ನೀರಿನಲ್ಲಿ ತೊಳೆದು ಒರೆಸಿ. ಕೋಲಿನಲ್ಲಿ ಉಳಿಸಿದ ದುಡ್ಡನ್ನು ಲೈನಿಗೆ ಹಾಕಿ. ಲೈನ್ ಕಳಪೆಯಾದರೆ ಯಾವ ಕೋಲೂ ಎಸೆಯುವುದಿಲ್ಲ. ಎರಡೂ ತುದಿ ಒಂದೇ ಥರ ಸಪೂರ ಇರುವ ಡಬಲ್ ಟೇಪರ್ ಲೈನ್ ಕೊಳ್ಳಿ. ಒಂದು ತುದಿ ಸವೆದರೆ ತಿರುಗಿಸಿ ಸುತ್ತಿಕೊಳ್ಳಬಹುದು.

ಮುರಿದರೆ? ಮುರಿದ ಜಾಗದ ಒಳಗೆ ಇನ್ನೊಂದು ಹಳೆಯ ಗಾಜಿನ ಕೋಲಿನ ತುಂಡನ್ನು ತೂರಿಸಿ, ಅರಾಲ್ಡೈಟ್ ಅಂಟು ಹಾಕಿ, ಮೇಲೆ ದಾರ ಸುತ್ತಿ. ನನ್ನ ಕೋಲೊಂದು ಹೀಗೆ ತೇಪೆ ಹಾಕಿಸಿಕೊಂಡು ಏಳು ಮಳೆಗಾಲ ಕಂಡಿದೆ.

ಗುಡುಗಿನ ಬಗ್ಗೆ ಒಂದು ಎಚ್ಚರಿಕೆ. ಕಾರ್ಬನ್ ವಿದ್ಯುತ್ ಹರಿಸುತ್ತದೆ. ತೋಟದ ಮೇಲೆ ಹಾದುಹೋಗುವ ತಂತಿಗೆ ಅದು ತಾಗಿದರೆ ಜೀವಕ್ಕೇ ಅಪಾಯ. ಒಣಗಿದ ಗಾಜು ವಿದ್ಯುತ್ ಹರಿಸುವುದಿಲ್ಲ. ಆದರೆ ಉಪ್ಪುನೀರಿನಲ್ಲಿ ನೆಂದ ಕೋಲನ್ನು ನಂಬಿ ತಂತಿಯ ಕೆಳಗೆ ನಿಲ್ಲಬೇಡಿ. ಮೋಡ ಗುಡುಗಿದರೆ ಯಾವ ಕೋಲಾದರೂ ಮಡಚಿ ಮನೆಗೆ ಹೋಗಿ.

ಹಿಂದಿನ ಬೆಂಚಿನ ಮೇಲೆ ಮೂರು ಕೋಲು ಇಟ್ಟಿದ್ದೇನೆ. ಎರಡು ಗಾಜಿನದು, ಒಂದು ಕಾರ್ಬನ್. ಕೊಕ್ಕೆ ಕಟ್ಟಿಲ್ಲ, ತುದಿಗೆ ಕೆಂಪು ಉಣ್ಣೆ ದಾರದ ಗಂಟು ಮಾತ್ರ ಇದೆ. ಹೊರಗೆ ಮರಳಿನ ಮೇಲೆ 20 ಅಡಿ ದೂರದಲ್ಲಿ ಒಂದು ಬುಟ್ಟಿ ಇಡುತ್ತೇನೆ. ಮೊದಲು ಕಾರ್ಬನ್ ತೆಗೆದುಕೊಳ್ಳಿ, ಆಮೇಲೆ ಗಾಜು. ಮಕ್ಕಳು ಮೊದಲು ಬರಲಿ.