ಪಿವ್ಕಾ ರಿಪೋರ್ಟ್ ಏರಿದೆಯಾ? ಮೊದಲು ನಿಮ್ಮ ಮಾತ್ರೆ ಯಾವುದು ನೋಡಿ

[ದೃಶ್ಯ: ಶಿರಸಿ ಬಸ್ ಸ್ಟ್ಯಾಂಡ್, ಹುಬ್ಬಳ್ಳಿ ಬಸ್ಸು ಹತ್ತುತ್ತಿರುವ ಜನ]

ನಮಸ್ಕಾರ. ಹಾರ್ಟಿನ ವಾಲ್ವ್ ಬದಲಾಯಿಸಿಕೊಂಡು ರಕ್ತ ತೆಳುವಾಗುವ ಮಾತ್ರೆ ನುಂಗುವವರು ಶಿರಸಿಯಲ್ಲೂ ಇದ್ದಾರೆ, ಕಾರವಾರದಲ್ಲೂ ಇದ್ದಾರೆ. ವಾರ್ಫರಿನ್, ಇಲ್ಲವೇ ಅಸಿನೊಕುಮರಾಲ್. ಅಂಥವರಿಗೆ ಲಿವರ್ ಕ್ಯಾನ್ಸರ್ ತಪಾಸಣೆಯಲ್ಲಿ ಪಿವ್ಕಾ-2 ಎಂಬ ರಕ್ತಪರೀಕ್ಷೆ ಬರೆದುಕೊಟ್ಟರೆ, ರಿಪೋರ್ಟ್ ನೋಡಿ ಮನೆಯವರೆಲ್ಲ ಕಂಗಾಲಾಗಬಹುದು. ಕ್ಯಾನ್ಸರ್ ಇಲ್ಲದೆಯೂ ಅದು ಏರುತ್ತದೆ.

[ಅನಿಮೇಷನ್: ಲಿವರ್ ಕಣದ ಒಳಗೆ]

ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಪ್ರೋಥ್ರಾಂಬಿನ್ ಎಂಬ ಪ್ರೋಟೀನ್ ಬೇಕು. ಅದು ತಯಾರಾಗುವುದು ಲಿವರಿನಲ್ಲಿ. ಅದರ ಹತ್ತು ಜಾಗಗಳಿಗೆ ಕಾರ್ಬಾಕ್ಸಿಲ್ ಎಂಬ ಒಂದೊಂದು ಪುಟ್ಟ ರಾಸಾಯನಿಕ ಗುಂಪು ಸೇರಬೇಕು, ಸೇರಿದರೇನೇ ಅದು ಕ್ಯಾಲ್ಸಿಯಂ ಹಿಡಿದು ಕೆಲಸಕ್ಕೆ ಬರುವುದು. ಈ ಜೋಡಣೆಗೆ ವಿಟಮಿನ್ ಕೆ ಬೇಕು. ಬಳಸಿ ಮುಗಿದ ವಿಟಮಿನ್ನನ್ನು ವಿಕೆಓಆರ್ ಎಂಬ ಕಿಣ್ವ ಮತ್ತೆ ಸಿದ್ಧಮಾಡಿಕೊಡುತ್ತದೆ. ನಿಮ್ಮ ಮಾತ್ರೆ ತಡೆಯುವುದು ಈ ಕಿಣ್ವವನ್ನೇ. ಆಗ ಅರೆಬರೆ ಪ್ರೋಥ್ರಾಂಬಿನ್ ರಕ್ತಕ್ಕಿಳಿಯುತ್ತದೆ. ಪಿವ್ಕಾ-2 ಅಂದರೆ ಅದೇ.

ಲಿವರ್ ಕ್ಯಾನ್ಸರ್ ಕಣಗಳು ಬಿಡುವುದೂ ಇದನ್ನೇ! 1984ರಲ್ಲಿ ಸಂಶೋಧಕರು ಅದನ್ನು ಈ ಕ್ಯಾನ್ಸರಿನ ಗುರುತು ಎಂದು ತೋರಿಸಿಕೊಟ್ಟರು. ಮಾತ್ರೆಯಿಂದ ಬಂದದ್ದೋ ಗಡ್ಡೆಯಿಂದ ಬಂದದ್ದೋ ಎಂದು ಆ ಒಂದು ಸಂಖ್ಯೆ ಹೇಳುವುದಿಲ್ಲ. ಪಿತ್ತನಾಳ ಕಟ್ಟಿಕೊಂಡು ಕಾಮಾಲೆಯಾದರೂ ವಿಟಮಿನ್ ಕೆ ಕರುಳಿನಲ್ಲಿ ಸರಿಯಾಗಿ ಹೀರಲ್ಪಡದೆ ಪಿವ್ಕಾ ಏರಬಹುದು. ಸ್ಕ್ಯಾನ್, ಎಎಫ್‌ಪಿ ಎಂಬ ಲಿವರ್ ಕ್ಯಾನ್ಸರಿನ ಇನ್ನೊಂದು ರಕ್ತಪರೀಕ್ಷೆ ಎಲ್ಲ ಕೂಡಿಸಿ ನೋಡಿಯೇ ಡಾಕ್ಟರು ತೀರ್ಮಾನಿಸಬೇಕು.

[ಅನಿಮೇಷನ್: ಕಣದ ಪೊರೆ]

ಹಾಗಾದರೆ ವಿಟಮಿನ್ ಕೆ ತಡೆಯುವ ಮಾತ್ರೆ ಕ್ಯಾನ್ಸರನ್ನೂ ತಡೆಯುತ್ತದಾ? ಅಷ್ಟು ಸಲೀಸಲ್ಲ. ಪೊರೆಯ ಕೊಬ್ಬು ಆಕ್ಸಿಡೀಕರಣಗೊಂಡು ಕಣ ಸಾಯುವ ಒಂದು ಬಗೆ ಇದೆ, ಫೆರಾಪ್ಟೋಸಿಸ್. ವಿಟಮಿನ್ ಕೆ ಕಣವನ್ನು ಅದರಿಂದ ಕಾಪಾಡುತ್ತದೆ ಎಂದು 2022ರಲ್ಲಿ ಗೊತ್ತಾಯಿತು. ಅಲ್ಲಿ ವಿಟಮಿನ್ನನ್ನು ಸಿದ್ಧಮಾಡುವುದು ಎಫ್‌ಎಸ್‌ಪಿ-1 ಎಂಬ ಬೇರೆ ಕಿಣ್ವ. ವಾರ್ಫರಿನ್ ಅದನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಮಾತ್ರೆ ನುಂಗಿದರೂ ಕ್ಯಾನ್ಸರ್ ಕಣಕ್ಕೆ ಆ ಕಾಪು ತಪ್ಪುವುದಿಲ್ಲ. ನನಗಂತೂ ಈ ಇಡೀ ವಿಷಯದಲ್ಲಿ ಅತ್ಯಂತ ಕುತೂಹಲದ ಸಂಗತಿ ಇದು.

[ದೃಶ್ಯ: ಮಾತ್ರೆಯ ಚೀಟಿ]

ಹುಬ್ಬಳ್ಳಿಗೋ ಮಣಿಪಾಲಕ್ಕೋ ತಪಾಸಣೆಗೆ ಹೊರಟಾಗ ಮಾತ್ರೆಯ ಚೀಟಿ, ಕೊನೆಯ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ವೇಗ ನೋಡುವ ಪರೀಕ್ಷೆ) ರಿಪೋರ್ಟ್ ಚೀಲದಲ್ಲಿರಲಿ. ರಕ್ತ ಕೊಡುವ ಮೊದಲೇ ತೋರಿಸಿ. ಪರೀಕ್ಷೆ ಸರಿ ಬರಲಿ ಎಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಕುತ್ತು. ಪಿವ್ಕಾ ಇಳಿಸಲು ದಿಢೀರನೆ ಬಸಳೆ, ನುಗ್ಗೆಸೊಪ್ಪು ಜಾಸ್ತಿ ತಿನ್ನುವುದೂ ಬೇಡ, ಮಾತ್ರೆಯ ಬಲ ಕುಗ್ಗುತ್ತದೆ. ವಾರಕ್ಕೆ ಎಷ್ಟು ಸೊಪ್ಪು ತಿನ್ನುತ್ತಿದ್ದಿರೋ ಅಷ್ಟೇ ತಿನ್ನಿ.